ಯುದ್ಧ ಬಂದರೆ ಬಾಹ್ಯಾಕಾಶದ ಟೂರ್ ಕಂಪನಿ ಯಾರ ಕಡೆ?

2025ರ ಮೇ ತಿಂಗಳಲ್ಲಿ ಅಮೆರಿಕ 'ಗೋಲ್ಡನ್ ಡೋಮ್' ಎಂಬ ರಕ್ಷಣಾ ಯೋಜನೆಯ ವಿವರ ಕೊಟ್ಟಿತು. ಶತ್ರುವಿನ ಕ್ಷಿಪಣಿಯನ್ನು ಕಕ್ಷೆಯಿಂದಲೇ ಹೊಡೆದುರುಳಿಸುವ ಅಸ್ತ್ರಗಳೂ ಅದರಲ್ಲಿ ಇರುತ್ತವಂತೆ. ಮರು ತಿಂಗಳು, ಜೂನ್ 25ರಂದು, ಅದೇ ದೇಶದ ಆಕ್ಸಿಯಮ್ ಸ್ಪೇಸ್ ಎಂಬ ಖಾಸಗಿ ಕಂಪನಿ ನಾಲ್ಕು ಜನರನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿತು. ಒಂದು ಯುದ್ಧದ ಸುದ್ದಿ, ಇನ್ನೊಂದು ಪ್ರಯಾಣದ್ದು. ಎರಡಕ್ಕೂ ಬೇಕಾಗಿರುವ ಜಾಗ ಒಂದೇ, ನೆಲದಿಂದ ಕೆಲವು ನೂರು ಕಿಲೋಮೀಟರ್ ಮೇಲೆ.

ಇವನ್ನು ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ. ನಾಳೆ ದೊಡ್ಡ ದೇಶಗಳು ಅಲ್ಲಿ ಕಾದಾಟಕ್ಕೆ ಇಳಿದರೆ, ಟಿಕೆಟ್ ಮಾರಿ ಜನರನ್ನು ಕರೆದೊಯ್ಯುವ ಕಂಪನಿ 'ನಾವು ಯಾರ ಕಡೆಯೂ ಅಲ್ಲ, ನಮ್ಮ ಪಾಡಿಗೆ ನಾವು' ಎಂದು ಹೇಳಿ ಸುಮ್ನೆ ಇರಬಹುದಾ? ಹೇಳಿದರೂ ಎದುರಿನವರು ನಂಬುತ್ತಾರಾ?

ಹೇಳುವುದಕ್ಕೇನೂ ಅಡ್ಡಿ ಇಲ್ಲ. ಆದರೆ ಆ ಮಾತು ಉಳಿಸಿಕೊಳ್ಳುವುದು ಕಂಪನಿಯ ಕೈಯಲ್ಲಿ ಇಲ್ಲ. ಲೈಸೆನ್ಸ್ ಕೊಡುವವರು ಬೇರೆ, ರಾಕೆಟ್ ಹಾರಿಸುವವರು ಬೇರೆ, ಡಿಕ್ಕಿಯ ಎಚ್ಚರಿಕೆ ಕೊಡುವವರು ಇನ್ನೂ ಬೇರೆ, ಮತ್ತು ಇವರಲ್ಲಿ ಯಾರಾದರೂ ಒಬ್ಬರು ಯುದ್ಧಕ್ಕೆ ಇಳಿದರೆ ಕಂಪನಿಯ ಪ್ರಕಟಣೆಗೆ ಹೆಚ್ಚು ಬೆಲೆ ಇರುವುದಿಲ್ಲ. ಇನ್ನೊಂದು ವಿಷಯವೂ ಇದೆ. ಇಂಥ ಕಂಪನಿಯನ್ನು ಮೊದಲು ನಿಲ್ಲಿಸುವುದು ಬಹುಶಃ ಶತ್ರುವಿನ ಕ್ಷಿಪಣಿ ಅಲ್ಲ. ಅದಕ್ಕೂ ಮೊದಲು ತನ್ನದೇ ಸರ್ಕಾರದ ಒಂದು ಆದೇಶ, ವಿಮಾ ಕಂಪನಿಯ ಒಂದು ಕಾಗದ ಬಂದಿರುತ್ತದೆ.

ಮೇಲೆ ಹೋದರೂ ದೇಶ ಬಿಡುವುದಿಲ್ಲ

1967ರ ಬಾಹ್ಯಾಕಾಶ ಒಪ್ಪಂದದಿಂದ ಶುರು ಮಾಡೋಣ. ಅಮೆರಿಕ, ರಷ್ಯಾ, ಚೀನಾ, ಭಾರತ ಎಲ್ಲವೂ ಅದರಲ್ಲಿ ಇವೆ. ಅದು ತಯಾರಾಗುವಾಗ ಒಂದು ಜಗಳ ನಡೆದಿತ್ತು. ಬಾಹ್ಯಾಕಾಶದಲ್ಲಿ ಸರ್ಕಾರಗಳಿಗೆ ಮಾತ್ರ ಅವಕಾಶ ಇರಲಿ ಎಂದು ಸೋವಿಯತ್ ಒಕ್ಕೂಟ, ಖಾಸಗಿಯವರಿಗೂ ಇರಲಿ ಎಂದು ಅಮೆರಿಕ. ಕೊನೆಗೆ ರಾಜಿ ಆಯಿತು. ಖಾಸಗಿಯವರು ಹೋಗಬಹುದು, ಆದರೆ ಅವರು ಮಾಡುವ ಎಲ್ಲದಕ್ಕೂ ಅವರ ದೇಶವೇ ಹೊಣೆ. ಅನುಮತಿ ಕೊಡಬೇಕು, ಕೊಟ್ಟ ಮೇಲೆ ನಿರಂತರವಾಗಿ ಕಣ್ಣಿಡಬೇಕು. ಇದು 6ನೇ ವಿಧಿ.

ಈ ಒಂದು ವಿಧಿ ಸಾಕು, ಕಂಪನಿಯ ತಟಸ್ಥತೆಯ ಬುಡ ಅಲ್ಲಾಡುತ್ತದೆ. ಕಾನೂನಿನ ಕಣ್ಣಿಗೆ ಕಂಪನಿಯ ಹಾರಾಟ ಎಂದರೆ ಆ ದೇಶದ ಹಾರಾಟ. ದೇಶ ಯುದ್ಧದಲ್ಲಿದ್ದರೆ, ಅದರ ಹೊಣೆಯಲ್ಲಿ ಹಾರುವ ಕ್ಯಾಪ್ಸೂಲ್ 'ನಾನು ಬೇರೆ' ಎನ್ನುವುದು ಕಷ್ಟ. 8ನೇ ವಿಧಿಯ ಪ್ರಕಾರ, ಯಾವ ದೇಶದ ದಾಖಲೆಯಲ್ಲಿ ಆ ವಾಹನ ನೋಂದಣಿ ಆಗಿದೆಯೋ ಅದರ ಮೇಲೂ ಒಳಗಿರುವ ಜನರ ಮೇಲೂ ಆ ದೇಶದ್ದೇ ಅಧಿಕಾರ.

ಹಡಗಿನವರು ಪನಾಮಾ ಧ್ವಜ ಹಾರಿಸಿಕೊಂಡು ಓಡಾಡುತ್ತಾರಲ್ಲ, ಹಾಗೆ ಯಾವುದಾದರೂ ತಟಸ್ಥ ದೇಶದಲ್ಲಿ ನೋಂದಣಿ ಮಾಡಿಸಿದರೆ ಆಗದೇ ಎಂದು ಕೇಳಬಹುದು. ಅಷ್ಟು ಸುಲಭ ಇಲ್ಲ. 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ 'ಉಡಾಯಿಸಿದ ದೇಶ' ಎಂದರೆ ಒಂದೇ ದೇಶ ಆಗಬೇಕಿಲ್ಲ. ರಾಕೆಟ್ ಹಾರಿಸಿದವರು, ಹಾರಿಸಲು ಹೇಳಿದವರು, ಜಾಗ ಕೊಟ್ಟವರು, ಉಡಾವಣಾ ಕೇಂದ್ರ ಕೊಟ್ಟವರು, ಎಲ್ಲರೂ ಅದರಲ್ಲಿ ಬರುತ್ತಾರೆ. ಅದೂ ಅಲ್ಲದೆ ಅಮೆರಿಕದ ಕಾನೂನು ಅಲ್ಲಿನ ಪ್ರಜೆಗಳ, ಕಂಪನಿಗಳ ಬೆನ್ನು ಬಿಡುವುದಿಲ್ಲ. ಬೇರೆ ದೇಶದ ನೆಲದಿಂದ ಹಾರಿಸಿದರೂ ಅಲ್ಲಿಂದ ಲೈಸೆನ್ಸ್ ಪಡೆಯಬೇಕು. ರಾಕೆಟ್ ತಂತ್ರಜ್ಞಾನದ ರಫ್ತಿಗೆ ಬೇರೆಯೇ ನಿರ್ಬಂಧಗಳಿವೆ. ಹೀಗಾಗಿ ವಿಳಾಸ ಬದಲಾಯಿಸಿದ ಮಾತ್ರಕ್ಕೆ ಹಳೆ ನಂಟು ಕಡಿಯುವುದಿಲ್ಲ.

1907ರ ತಂತಿಯ ಕಾನೂನು

ಹಾಗಾದರೆ ಖಾಸಗಿಯವರ ತಟಸ್ಥತೆ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲವಾ? ಇದೆ, ಮತ್ತು ಸಾಕಷ್ಟು ಹಳೆಯದು. 1907ರ ಹೇಗ್ ಒಪ್ಪಂದಗಳಲ್ಲಿ ಐದನೆಯದು ನೆಲದ ಮೇಲಿನ ಯುದ್ಧದಲ್ಲಿ ತಟಸ್ಥ ದೇಶಗಳ ಹಾಗೂ ವ್ಯಕ್ತಿಗಳ ಹಕ್ಕು ಬಾಧ್ಯತೆಗಳ ಬಗ್ಗೆ ಹೇಳುತ್ತದೆ. ಆಗ ಉಪಗ್ರಹ ಎಲ್ಲಿತ್ತು, ಇದ್ದದ್ದು ತಂತಿ, ಟೆಲಿಫೋನ್, ನಿಸ್ತಂತು. ಆ ಒಪ್ಪಂದದ 8ನೇ ವಿಧಿ ಹೇಳುವುದಿಷ್ಟು: ತಟಸ್ಥ ದೇಶದಲ್ಲಿರುವ ಖಾಸಗಿ ಕಂಪನಿಯ ತಂತಿಯನ್ನು ಯುದ್ಧ ಮಾಡುವವರು ಬಳಸಿದರೆ, ಅದನ್ನು ನಿಲ್ಲಿಸಲೇಬೇಕು ಎಂಬ ಕಡ್ಡಾಯ ಆ ದೇಶಕ್ಕೆ ಇಲ್ಲ. ಮುಂದಿನ ವಿಧಿ ಒಂದು ಷರತ್ತು ಹಾಕುತ್ತದೆ. ನಿರ್ಬಂಧ ಹಾಕುವುದಾದರೆ ಎರಡೂ ಕಡೆಯವರಿಗೆ ಒಂದೇ ರೀತಿ ಹಾಕಬೇಕು, ಕಂಪನಿಯವರೂ ಹಾಗೇ ನಡೆದುಕೊಳ್ಳುವಂತೆ ದೇಶ ನೋಡಿಕೊಳ್ಳಬೇಕು.

16ನೇ ವಿಧಿ ಇನ್ನೂ ನೇರ. ಯುದ್ಧದಲ್ಲಿ ಇಲ್ಲದ ದೇಶದ ಪ್ರಜೆಗಳು ತಟಸ್ಥರು. ಆದರೆ ಒಂದು ಕಡೆಯವರಿಗೆ ಅನುಕೂಲವಾಗುವ ಕೆಲಸ ಮಾಡಿದರೆ ಆ ರಕ್ಷಣೆ ಹೋಗುತ್ತದೆ ಎಂದು 17ನೇ ವಿಧಿ. ಅದರ ಮುಂದಿನದರಲ್ಲಿ ತಮಾಷೆಯ ಒಂದು ವಿನಾಯಿತಿ ಇದೆ: ಬರೀ ಸರಕು ಮಾರಿದರೆ ಅಥವಾ ಸಾಲ ಕೊಟ್ಟರೆ, ಕೆಲವು ಷರತ್ತುಗಳಿಗೆ ಒಳಪಟ್ಟು, ಅದು ಪಕ್ಷಪಾತ ಆಗುವುದಿಲ್ಲವಂತೆ. ವ್ಯಾಪಾರಿಗಳು ಆ ಕಾಲದಲ್ಲೂ ಜೋರಾಗಿಯೇ ಇದ್ದರು.

ಇದನ್ನು ಬಾಹ್ಯಾಕಾಶಕ್ಕೆ ಎಷ್ಟು ಎಳೆಯಬಹುದು ಎಂಬುದರ ಬಗ್ಗೆ ತಜ್ಞರಲ್ಲೇ ಒಮ್ಮತ ಇಲ್ಲ. ಆದರೆ ಎರಡು ಎಳೆ ಸಿಗುತ್ತವೆ. ತಟಸ್ಥತೆ ಶುರುವಾಗುವುದು ಪೌರತ್ವದಿಂದ, ಅಂದರೆ ಮತ್ತೆ ದೇಶದಿಂದಲೇ. ಅದು ಉಳಿಯುವುದು ನಡವಳಿಕೆಯಿಂದ, ಕಂಪನಿ ಏನು ಹೇಳಿಕೊಂಡಿದೆ ಎಂಬುದರಿಂದ ಅಲ್ಲ.

ಬೈಕನೂರಿನಲ್ಲಿ ಮುಚ್ಚಿದ ಧ್ವಜಗಳು

ಇದೆಲ್ಲ ಪುಸ್ತಕದ ಮಾತು ಎನಿಸಿದರೆ 2022ರ ಮಾರ್ಚ್ ನೆನಪಿಸಿಕೊಳ್ಳಿ. ಒನ್‌ವೆಬ್ ಎಂಬ ಇಂಟರ್ನೆಟ್ ಕಂಪನಿಯ 36 ಉಪಗ್ರಹಗಳು ಕಜಕಸ್ತಾನದ ಬೈಕನೂರು ಉಡಾವಣಾ ಕೇಂದ್ರದಲ್ಲಿ ರಷ್ಯಾದ ಸೋಯುಜ್ ರಾಕೆಟ್ ಮೇಲೆ ಕೂತಿದ್ದವು. ಉಕ್ರೇನ್ ಮೇಲಿನ ದಾಳಿ ಶುರುವಾಗಿ ಒಂದು ವಾರವಾಗಿತ್ತು. ರಾಕೆಟ್ಟಿನ ಮೂತಿಯ ಮೇಲೆ ಪಾಲುದಾರ ದೇಶಗಳ ಧ್ವಜಗಳಿದ್ದವು. ಕೆಲಸಗಾರರು ಮೇಲೆ ಹತ್ತಿ ಅಮೆರಿಕ, ಬ್ರಿಟನ್, ಜಪಾನ್ ಧ್ವಜಗಳನ್ನು ಮುಚ್ಚಿದರು. ಭಾರತದ ಧ್ವಜ ಹಾಗೇ ಇತ್ತು. ಆ ವೀಡಿಯೊವನ್ನು ಹಂಚಿದ್ದು ರಷ್ಯಾದ ಬಾಹ್ಯಾಕಾಶ ಸಂಸ್ಥೆಯ ಆಗಿನ ಮುಖ್ಯಸ್ಥ ಡಿಮಿಟ್ರಿ ರೊಗೊಜಿನ್ ಅವರೇ.

ರಷ್ಯಾ ಎರಡು ಷರತ್ತು ಹಾಕಿತು. ಈ ಉಪಗ್ರಹಗಳನ್ನು ಸೈನ್ಯಕ್ಕೆ ಬಳಸುವುದಿಲ್ಲ ಎಂದು ಖಾತ್ರಿ ಕೊಡಿ. ಬ್ರಿಟನ್ ಸರ್ಕಾರ ಕಂಪನಿಯಲ್ಲಿರುವ ತನ್ನ ಪಾಲನ್ನು ಬಿಡಲಿ. ಎರಡೂ ಆಗಲಿಲ್ಲ. ಕಂಪನಿ ಬೈಕನೂರಿನಿಂದ ಉಡಾವಣೆ ನಿಲ್ಲಿಸಿತು, ಉಪಗ್ರಹಗಳು ಅಲ್ಲೇ ಸಿಕ್ಕಿಕೊಂಡವು. ಉಳಿದ ಉಪಗ್ರಹಗಳನ್ನು ಆಮೇಲೆ ಇಸ್ರೋ ಮತ್ತು ಸ್ಪೇಸ್‌ಎಕ್ಸ್ ರಾಕೆಟ್‌ಗಳು ಒಯ್ದವು.

ಇದು ಟೂರ್ ಕಂಪನಿ ಅಲ್ಲ, ನಿಜ. ಆದರೆ ಪಾಠ ಇಲ್ಲೇ ಇದೆ. ಒನ್‌ವೆಬ್ ಯಾರ ಮೇಲೂ ಗುಂಡು ಹಾರಿಸಿರಲಿಲ್ಲ. ಆದರೂ ಅದರ ತಟಸ್ಥತೆಯನ್ನು ಅಳೆದದ್ದು ಮಾಲೀಕರ ಪಟ್ಟಿ ನೋಡಿ, ಮುಂದೆ ಆಗಬಹುದಾದ ಬಳಕೆ ನೋಡಿ. ಅಳತೆಗೋಲು ಎದುರಿನವರ ಕೈಯಲ್ಲಿತ್ತು.

ಪ್ರವಾಸದ ಕಡೆಯ ಕತೆ ಇದಕ್ಕಿಂತ ಸದ್ದಿಲ್ಲದೆ ಮುಗಿಯಿತು. 2001ರಲ್ಲಿ ಡೆನಿಸ್ ಟಿಟೊ ಮೊದಲ ಬಾರಿಗೆ ತಮ್ಮದೇ ದುಡ್ಡಿನಲ್ಲಿ ನಿಲ್ದಾಣಕ್ಕೆ ಹೋದಾಗ ಸೀಟು ರಷ್ಯಾದ್ದು, ಪ್ರಯಾಣಿಕ ಅಮೆರಿಕದವರು, ಮಧ್ಯೆ ನಿಂತು ವ್ಯವಹಾರ ಕುದುರಿಸಿದ ಸ್ಪೇಸ್ ಅಡ್ವೆಂಚರ್ಸ್ ಕೂಡ ಅಮೆರಿಕದ ಕಂಪನಿ. ನಾಸಾ ಬೇಡ ಎಂದರೂ ರಷ್ಯಾ ಕರೆದುಕೊಂಡು ಹೋಯಿತು. ಎರಡು ಹಳೆ ಎದುರಾಳಿಗಳ ನಡುವೆ ಟೂರ್ ಕಂಪನಿ ಆರಾಮಾಗಿ ಓಡಾಡಿದ ಕಾಲ ಅದು. ಆ ಸಾಲಿನಲ್ಲಿ ಕೊನೆಯದಾಗಿ ಹೋದವರು ಜಪಾನಿನ ಯುಸಾಕು ಮಾಯೆಜಾವಾ ಮತ್ತು ಅವರ ಸಹಾಯಕ, 2021ರ ಡಿಸೆಂಬರಿನಲ್ಲಿ. ಯುದ್ಧ, ನಿರ್ಬಂಧಗಳು ಬಂದ ಮೇಲೆ ಆ ದಾರಿ ಮುಚ್ಚಿತು. ಯಾರೂ ಯಾರ ಮೇಲೂ ದಾಳಿ ಮಾಡಬೇಕಾಗಲಿಲ್ಲ.

ರಾಕೆಟ್ ಯಾರದು, ಪ್ರಯಾಣಿಕ ಯಾರು?

ಈಗ ಒಂದು ಟೂರ್ ಕಂಪನಿಯನ್ನು ಬಿಡಿಸಿ ನೋಡೋಣ. ಆಕ್ಸಿಯಮ್‌ಗೆ ಸ್ವಂತ ರಾಕೆಟ್ ಇಲ್ಲ. ಅದು ಬಳಸುವುದು ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ ಮತ್ತು ಡ್ರ್ಯಾಗನ್ ಕ್ಯಾಪ್ಸೂಲ್. ಅದೇ ಫಾಲ್ಕನ್ 9 ಅಮೆರಿಕ ಸೇನೆಯ, ಬೇಹುಗಾರಿಕೆಯ ಉಪಗ್ರಹಗಳನ್ನೂ ಹೊರುತ್ತದೆ. ಅದೇ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್ ಉಕ್ರೇನಿನ ಯುದ್ಧಭೂಮಿಯಲ್ಲಿ ಬಳಕೆಯಾಗಿದೆ. ಸೇನೆಗೆಂದೇ 'ಸ್ಟಾರ್‌ಶೀಲ್ಡ್' ಎಂಬ ಪ್ರತ್ಯೇಕ ವ್ಯವಸ್ಥೆಯೂ ಇದೆ. ಫ್ಲಾರಿಡಾದ ಉಡಾವಣಾ ವಲಯವನ್ನು ನಡೆಸುವುದು ಅಮೆರಿಕದ ಬಾಹ್ಯಾಕಾಶ ಸೇನೆ, ಸ್ಪೇಸ್ ಫೋರ್ಸ್. ಕಕ್ಷೆಯಲ್ಲಿ 'ಇಂಥ ಚೂರು ನಿಮ್ಮ ಹತ್ತಿರ ಬರುತ್ತಿದೆ, ಜೋಪಾನ' ಎಂದು ಜಗತ್ತಿನ ಉಪಗ್ರಹ ಕಂಪನಿಗಳಿಗೆಲ್ಲ ಎಚ್ಚರಿಕೆ ಕಳಿಸುತ್ತಾ ಬಂದಿರುವುದೂ ಅದರ ಘಟಕಗಳೇ. ಅಂದರೆ ತಟಸ್ಥ ಎಂದು ಹೇಳಿಕೊಳ್ಳುವ ಕಂಪನಿಯೂ ಡಿಕ್ಕಿ ತಪ್ಪಿಸಿಕೊಳ್ಳಲು ಯುದ್ಧದಲ್ಲಿರಬಹುದಾದ ಒಂದು ಸೇನೆಯ ರೇಡಾರ್ ನಂಬಬೇಕು.

ಇನ್ನು ಪ್ರಯಾಣಿಕರು. ಬಾಹ್ಯಾಕಾಶ ಪ್ರವಾಸಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ದುಡ್ಡು ಜಾಸ್ತಿ ಆದ ಶ್ರೀಮಂತ, ಅಲ್ವಾ? ಈಚಿನ ಪಟ್ಟಿ ನೋಡಿದರೆ ಚಿತ್ರ ಬೇರೆ. 2023ರ ಜೂನ್‌ನಲ್ಲಿ ವರ್ಜಿನ್ ಗ್ಯಾಲಕ್ಟಿಕ್‌ನ ಮೊದಲ ವಾಣಿಜ್ಯ ಹಾರಾಟದಲ್ಲಿ ಹೋದವರಲ್ಲಿ ಇಬ್ಬರು ಇಟಲಿಯ ವಾಯುಪಡೆಯವರು. 2024ರ ಜನವರಿಯ ಆಕ್ಸಿಯಮ್ ಹಾರಾಟದಲ್ಲಿ ಇಟಲಿಯ ಮತ್ತು ಟರ್ಕಿಯ ವಾಯುಪಡೆಯ ಅಧಿಕಾರಿಗಳಿದ್ದರು. 2025ರ ಹಾರಾಟದಲ್ಲಿ ಹೋದ ಶುಭಾಂಶು ಶುಕ್ಲಾ ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್. ಸೀಟುಗಳನ್ನು ಈಗ ಹೆಚ್ಚಾಗಿ ಕೊಳ್ಳುತ್ತಿರುವುದು ಸರ್ಕಾರಗಳು, ಸರ್ಕಾರಗಳು ಕಳಿಸುವುದು ಪಳಗಿದ ಪೈಲಟ್‌ಗಳನ್ನು. ಶಾಂತಿಕಾಲದಲ್ಲಿ ಇದರಲ್ಲಿ ತಪ್ಪೇನಿಲ್ಲ. ಯುದ್ಧಕಾಲದಲ್ಲಿ ಮಾತ್ರ ಪ್ರಶ್ನೆ ಏಳುತ್ತದೆ. 1967ರ ಒಪ್ಪಂದ ಗಗನಯಾತ್ರಿಗಳನ್ನು ಇಡೀ ಮಾನವಕುಲದ ದೂತರು ಎಂದು ಕರೆಯುತ್ತದೆ, ಯುದ್ಧದ ಕಾನೂನು ಸೇವೆಯಲ್ಲಿರುವ ಸೇನಾಧಿಕಾರಿಯನ್ನು ಯೋಧ ಎಂದು ಕರೆಯುತ್ತದೆ. ಶತ್ರುದೇಶದ ನೆಲದಲ್ಲಿ ಅವರ ಕ್ಯಾಪ್ಸೂಲ್ ಇಳಿದರೆ ಗಗನಯಾತ್ರಿಗಳನ್ನು ಕಾಪಾಡಿ ಮರಳಿಸುವ 1968ರ ಒಪ್ಪಂದದಂತೆ ತಕ್ಷಣ ವಾಪಸ್ ಕಳಿಸಬೇಕೋ, ಯುದ್ಧಕೈದಿಯಾಗಿ ಇಟ್ಟುಕೊಳ್ಳಬಹುದೋ? ವಕೀಲರು ಎರಡೂ ಕಡೆ ವಾದಿಸಬಲ್ಲರು. ದುಡ್ಡು ಕೊಟ್ಟು ಹೋದ ಸಾಮಾನ್ಯ ಪ್ರವಾಸಿಯ ಸ್ಥಿತಿಯೂ ಪೂರ್ತಿ ಸ್ಪಷ್ಟವಿಲ್ಲ. ಆ ಒಪ್ಪಂದ ಹೇಳುವುದು ನೌಕೆಯ 'ಸಿಬ್ಬಂದಿ'ಯ ಬಗ್ಗೆ.

ಮೂರು ವಾದಗಳು

ಕಂಪನಿಗಳ ಕಡೆಯ ವಾದ ಸರಳ. ನಾವು ನಾಗರಿಕರು, ಒಳಗೆ ಜನ ಇದ್ದಾರೆ, ನಮ್ಮ ಮೇಲೆ ದಾಳಿ ಮಾಡುವುದು ಅಪರಾಧ. ಈ ವಾದಕ್ಕೆ ಬಲ ಇದೆ. 1977ರ ಜಿನೀವಾ ಹೆಚ್ಚುವರಿ ಪ್ರೋಟೋಕಾಲ್‌ನ 52ನೇ ವಿಧಿಯ ಪ್ರಕಾರ, ಒಂದು ವಸ್ತು ತನ್ನ ಸ್ವಭಾವ, ಜಾಗ, ಉದ್ದೇಶ ಅಥವಾ ಬಳಕೆಯಿಂದ ಸೈನಿಕ ಕಾರ್ಯಕ್ಕೆ ನಿಜವಾಗಿ ನೆರವಾಗುತ್ತಿದ್ದರೆ, ಮತ್ತು ಅದನ್ನು ಹೊಡೆಯುವುದರಿಂದ ಖಚಿತ ಸೈನಿಕ ಲಾಭ ಇದ್ದರೆ ಮಾತ್ರ ಅದು ಗುರಿ. ನಾಲ್ಕು ಪ್ರವಾಸಿಗರು ಕಿಟಕಿಯಿಂದ ಫೋಟೊ ತೆಗೆಯುವ ಕ್ಯಾಪ್ಸೂಲ್ ಈ ಪರೀಕ್ಷೆಯಲ್ಲಿ ಗುರಿ ಆಗುವುದಿಲ್ಲ.

ರಷ್ಯಾದ ವಾದ ಇನ್ನೊಂದು. 2022ರಲ್ಲಿ ವಿಶ್ವಸಂಸ್ಥೆಯಲ್ಲಿ ಅದರ ಪ್ರತಿನಿಧಿ, ಅರೆ-ನಾಗರಿಕ ಬಾಹ್ಯಾಕಾಶ ವ್ಯವಸ್ಥೆಗಳು ಪ್ರತಿದಾಳಿಗೆ ನ್ಯಾಯಬದ್ಧ ಗುರಿ ಆಗಬಹುದು ಎಂದು ಹೇಳಿದರು. ಮಾತು ಇದ್ದದ್ದು ಯುದ್ಧದಲ್ಲಿ ಬಳಕೆಯಾಗುವ ಖಾಸಗಿ ಉಪಗ್ರಹಗಳ ಬಗ್ಗೆ, ಪ್ರವಾಸಿಗರ ಬಗ್ಗೆ ಅಲ್ಲ. ಆದರೂ ಒಂದೇ ಕಂಪನಿ ಎರಡೂ ಕೆಲಸ ಮಾಡುವಾಗ ಗೆರೆ ಎಲ್ಲಿ ಎಳೆಯುವುದು? ಚೀನಾ ಸ್ವಲ್ಪ ಬೇರೆ ದಾರಿ ಹಿಡಿದಿದೆ. ಸ್ಟಾರ್‌ಲಿಂಕ್ ಉಪಗ್ರಹಗಳು 2021ರ ಜುಲೈ ಮತ್ತು ಅಕ್ಟೋಬರಿನಲ್ಲಿ ತನ್ನ ನಿಲ್ದಾಣದ ಹತ್ತಿರ ಬಂದವು, ಅದನ್ನು ಪಕ್ಕಕ್ಕೆ ಸರಿಸಬೇಕಾಯಿತು ಎಂದು ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಖಾಸಗಿ ಕಂಪನಿಯ ಕೆಲಸಕ್ಕೂ ಅಮೆರಿಕವೇ ಹೊಣೆ ಎಂಬುದು ಆ ದೂರಿನ ತಿರುಳು. ಮತ್ತೆ ಅದೇ 6ನೇ ವಿಧಿ.

ಮೂರನೆಯದು ಅಮೆರಿಕ ಸೇನೆಯದು, ಮತ್ತು ನನಗೆ ಕಂಡಂತೆ ತಟಸ್ಥತೆಗೆ ಜಾಸ್ತಿ ಪೆಟ್ಟು ಕೊಡುವುದು ಇದೇ. ವಾಣಿಜ್ಯ ಕಂಪನಿಗಳನ್ನು ದೂರ ಇಡುವ ಬದಲು ಒಳಗೆ ಎಳೆದುಕೊಳ್ಳುವ ನೀತಿ ಅದರದ್ದು. ಯುದ್ಧ ಬಂದರೆ ಖಾಸಗಿ ಉಪಗ್ರಹಗಳ ಸೇವೆ ಪಡೆಯಲು ಮೊದಲೇ ಕರಾರು ಮಾಡಿಕೊಳ್ಳುವ ಯೋಜನೆಯೊಂದು ಸ್ಪೇಸ್ ಫೋರ್ಸ್‌ನಲ್ಲಿದೆ. ವಿಮಾನಯಾನದಲ್ಲಿ ಇಂಥ ಏರ್ಪಾಡು ದಶಕಗಳಿಂದ ಇದೆ. 2021ರ ಆಗಸ್ಟ್‌ನಲ್ಲಿ ಅಫ್ಗಾನಿಸ್ತಾನದಿಂದ ಜನರನ್ನು ತೆರವು ಮಾಡುವಾಗ ಪ್ರಯಾಣಿಕ ಕಂಪನಿಗಳ 18 ವಿಮಾನಗಳನ್ನು ಹೀಗೇ ಕರೆಸಿಕೊಂಡರು. ನಾಳೆ ರಾಕೆಟ್ ಮೂಲಕ ಸೇನಾ ಸರಕು ಸಾಗಿಸುವ ಪ್ರಯೋಗಗಳು ಕೈಗೂಡಿದರೆ, ಇವತ್ತು ಪ್ರವಾಸಿಗರನ್ನು ಹೊರುವ ಜಾತಿಯ ವಾಹನವೇ ಮರುದಿನ ಸೇನೆಯ ಸಾಮಾನು ಹೊರಬಹುದು. ಆಗ ದೂರದಿಂದ ನೋಡುವವರಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಸುತ್ತುಬಳಸಿ ಹೋಗಲು ದಾರಿ ಇಲ್ಲ

ಯುದ್ಧ ನಡೆಯುವ ಕಡೆ ವಿಮಾನ ಕಂಪನಿಗಳು ಏನು ಮಾಡುತ್ತವೆ? ಆ ಆಕಾಶ ಬಿಟ್ಟು ಸುತ್ತಿ ಹೋಗುತ್ತವೆ. 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಮೇಲೆ ಮಲೇಷ್ಯಾದ ಎಂಎಚ್17 ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದಾಗ 298 ಜನ ಸತ್ತರು. ಆ ದಿನ 32,000 ಅಡಿಯ ಮೇಲಿನ ದಾರಿ ತೆರೆದಿತ್ತು, ವಿಮಾನ 33,000 ಅಡಿಯಲ್ಲಿತ್ತು. 1983ರಲ್ಲಿ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಉರುಳಿಸಿದ ಮೇಲೆ, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಅಸ್ತ್ರ ಬಳಸಬಾರದು ಎಂಬ ಮಾತು ಅಂತರರಾಷ್ಟ್ರೀಯ ವಿಮಾನಯಾನ ಒಪ್ಪಂದಕ್ಕೇ ಸೇರಿತು. ಬಾಹ್ಯಾಕಾಶ ಪ್ರವಾಸಕ್ಕೆ ಅಂಥ ಪ್ರತ್ಯೇಕ ನಿಯಮ ಇನ್ನೂ ಇಲ್ಲ.

ಕಕ್ಷೆಯ ತೊಂದರೆ ಇನ್ನೂ ಮೂಲಭೂತ. ಬಾಹ್ಯಾಕಾಶ ನಿಲ್ದಾಣ ಭೂಮಿಯ ಸಮಭಾಜಕಕ್ಕೆ 51.6 ಡಿಗ್ರಿ ಓರೆಯಾಗಿ ಸುತ್ತುತ್ತದೆ, ಒಂದು ಸುತ್ತಿಗೆ ಸುಮಾರು 93 ನಿಮಿಷ. ಕೆಳಗೆ ಭೂಮಿ ತಿರುಗುತ್ತಾ ಇರುವುದರಿಂದ ವಾಷಿಂಗ್ಟನ್, ಕೀವ್, ಬೀಜಿಂಗ್, ತೈವಾನ್ ಎಲ್ಲ ಅದರ ದಾರಿಯ ಕೆಳಗೆ ಬರುತ್ತವೆ. ಮಾಸ್ಕೋ ಮಾತ್ರ ಇನ್ನೂ ಉತ್ತರಕ್ಕೆ ಉಳಿಯುತ್ತದೆ. 'ಈ ಜಾಗ ಬೇಡ' ಎಂದು ಪೈಲಟ್ ಪಕ್ಕಕ್ಕೆ ತಿರುಗಿಸುವಂತಿಲ್ಲ. ಕಕ್ಷೆಯ ಓರೆಯನ್ನು 30 ಡಿಗ್ರಿ ಬದಲಾಯಿಸಬೇಕೆಂದರೆ ಸೆಕೆಂಡಿಗೆ ಸುಮಾರು 4 ಕಿಲೋಮೀಟರ್‌ನಷ್ಟು ವೇಗ ಬದಲಾಗಬೇಕು, ಅಂದರೆ ಕಕ್ಷೆಯ ವೇಗದ ಅರ್ಧಕ್ಕಿಂತ ಜಾಸ್ತಿ. ಯಾವ ಪ್ರವಾಸಿ ಕ್ಯಾಪ್ಸೂಲಿನಲ್ಲೂ ಅಷ್ಟು ಇಂಧನ ಇರುವುದಿಲ್ಲ.

ಬಾಹ್ಯಾಕಾಶ ಯಾವ ದೇಶದ್ದೂ ಅಲ್ಲ, ಹಾಗಾಗಿ ಮೇಲೆ ಹಾರಬೇಡ ಎಂದು ಯಾರೂ ಹೇಳುವಂತಿಲ್ಲ. ಕೇಳಲು ಚೆನ್ನಾಗಿದೆ. ಅದರ ಇನ್ನೊಂದು ಮುಖ ಎಂದರೆ ಅಪಾಯದ ವಲಯ ಎಂದು ಗುರುತಿಸಿ ಮುಚ್ಚುವ ಅಧಿಕಾರವೂ ಯಾರಿಗೂ ಇಲ್ಲ.

ಚೂರುಗಳು ಪಕ್ಷ ಕೇಳುವುದಿಲ್ಲ

ಬೇಕೆಂದೇ ಪ್ರವಾಸಿ ನೌಕೆಯನ್ನು ಹೊಡೆಯುವ ಸಾಧ್ಯತೆ ಕಡಿಮೆ. ಲಾಭ ಇಲ್ಲ, ಕೆಟ್ಟ ಹೆಸರು ಖಚಿತ. ನಿಜವಾದ ಭಯ ಪಕ್ಕದಲ್ಲಿ ನಡೆಯುವ ಹೊಡೆದಾಟದ್ದು.

2021ರ ನವೆಂಬರ್ 15ರಂದು ರಷ್ಯಾ ತನ್ನದೇ ಹಳೆಯ ಕಾಸ್ಮೋಸ್-1408 ಉಪಗ್ರಹವನ್ನು ಕ್ಷಿಪಣಿಯಿಂದ ಒಡೆಯಿತು. ನೆಲದಿಂದ ಗುರುತಿಸಬಹುದಾದ ಚೂರುಗಳೇ 1500ಕ್ಕೂ ಹೆಚ್ಚು. ಆಗ ನಿಲ್ದಾಣದಲ್ಲಿ ಏಳು ಜನ ಇದ್ದರು, ಅವರಲ್ಲಿ ಇಬ್ಬರು ರಷ್ಯಾದವರೇ. ಎಲ್ಲರೂ ತಂತಮ್ಮ ಕ್ಯಾಪ್ಸೂಲ್ ಸೇರಿಕೊಂಡು ಬಾಗಿಲು ಹಾಕಿಕೊಂಡರು, ಚೂರುಗಳ ಗುಂಪು ಸುಮಾರು 90 ನಿಮಿಷಕ್ಕೊಮ್ಮೆ ಹತ್ತಿರ ಬಂದು ಹೋಗುತ್ತಿತ್ತು. ಇದಾದ 23 ದಿನಕ್ಕೆ, ಡಿಸೆಂಬರ್ 8ರಂದು, ಅದೇ ನಿಲ್ದಾಣಕ್ಕೆ ಅದೇ ರಷ್ಯಾ ಮಾಯೆಜಾವಾ ಅವರನ್ನು ಪ್ರವಾಸಕ್ಕೆ ಕರೆದೊಯ್ಯಿತು. ಚೂರು ಮಾಡಿದವರೂ ಅವರೇ, ಟಿಕೆಟ್ ಮಾರಿದವರೂ ಅವರೇ.

ಎತ್ತರ ಹೆಚ್ಚಿದಷ್ಟೂ ಚೂರು ಬೇಗ ಕೆಳಗೆ ಬರುವುದಿಲ್ಲ. ಚೀನಾ 2007ರಲ್ಲಿ ಸುಮಾರು 865 ಕಿಲೋಮೀಟರ್ ಎತ್ತರದಲ್ಲಿ ಒಡೆದ ಉಪಗ್ರಹದ ಚೂರುಗಳಲ್ಲಿ ಬಹಳಷ್ಟು ಇನ್ನೂ ಸುತ್ತುತ್ತಿವೆ. ಭಾರತ 2019ರಲ್ಲಿ ಮಾಡಿದ ಪರೀಕ್ಷೆ ಸುಮಾರು 300 ಕಿಲೋಮೀಟರ್ ಎತ್ತರದ್ದು, ಹಾಗಾಗಿ ಹೆಚ್ಚಿನವು ಬೇಗ ಉರಿದುಹೋದವು. ಇಂಥ ಪರೀಕ್ಷೆ ನಿಲ್ಲಿಸಿ ಎಂದು 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 155 ದೇಶಗಳು ಮತ ಹಾಕಿದವು. ರಷ್ಯಾ, ಚೀನಾ ಸೇರಿ 9 ವಿರೋಧಿಸಿದವು. ಭಾರತ ಸೇರಿ 9 ದೇಶಗಳು ಮತದಾನದಿಂದ ದೂರ ಉಳಿದವು. ನಿರ್ಣಯಕ್ಕೆ ಕಡ್ಡಾಯದ ಬಲ ಇಲ್ಲ.

ಚೂರು ತಾಗಿ ಪ್ರವಾಸಿಗೆ ಏನಾದರೂ ಆದರೆ ಪರಿಹಾರ? 1972ರ ಒಪ್ಪಂದದ ಪ್ರಕಾರ ನೆಲದ ಮೇಲೆ ಆದ ಹಾನಿಗೆ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡಬೇಕು. ಮೇಲೆ ಆದ ಹಾನಿಗೆ ತಪ್ಪು ಸಾಬೀತು ಮಾಡಬೇಕು. ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಬಂದು ತೂತು ಮಾಡಿ ಹೋದ ಲೋಹದ ಚೂರು ಯಾರದು ಎಂದು ಸಾಬೀತು ಮಾಡುವುದು ಹೇಗೆ?

ಇದಕ್ಕಿಂತ ಕೆಟ್ಟದ್ದು ಅಣುಬಾಂಬ್. 1962ರ ಜುಲೈ 9ರಂದು ಅಮೆರಿಕ 400 ಕಿಲೋಮೀಟರ್ ಎತ್ತರದಲ್ಲಿ 1.4 ಮೆಗಾಟನ್ ಬಾಂಬ್ ಸಿಡಿಸಿ ನೋಡಿತ್ತು. ಅದರ ವಿಕಿರಣ ಕಕ್ಷೆಯಲ್ಲೇ ಸಿಕ್ಕಿಕೊಂಡು, ಮುಂದಿನ ತಿಂಗಳುಗಳಲ್ಲಿ ಹಲವು ಉಪಗ್ರಹಗಳು ಕೆಟ್ಟವು. ಮರುದಿನ ಹಾರಿದ ಟೆಲ್‌ಸ್ಟಾರ್‌ಗೂ, ಏನೂ ಸಂಬಂಧ ಇಲ್ಲದ ಬ್ರಿಟನ್ನಿನ ಏರಿಯಲ್-1ಕ್ಕೂ ಪೆಟ್ಟು ಬಿತ್ತು. ಕಕ್ಷೆಯಲ್ಲಿ ಅಣ್ವಸ್ತ್ರ ಇಡಬಾರದೆಂಬ ನಿಯಮವನ್ನು ಮತ್ತೆ ಒತ್ತಿ ಹೇಳುವ ನಿರ್ಣಯ 2024ರ ಏಪ್ರಿಲ್‌ನಲ್ಲಿ ಭದ್ರತಾ ಮಂಡಳಿಗೆ ಬಂದಾಗ ರಷ್ಯಾ ವೀಟೊ ಹಾಕಿತು.

ಯುದ್ಧ ಶುರುವಾದ ದಿನ

ಮೂರು ದಿನದ ಪ್ರವಾಸಕ್ಕೆ ಹೋದ ಕ್ಯಾಪ್ಸೂಲ್ ಒಂದು ಕಕ್ಷೆಯಲ್ಲಿದೆ ಎಂದುಕೊಳ್ಳಿ. ಕೆಳಗೆ ಯುದ್ಧ ಶುರುವಾಯಿತು. ಆ ಹೊತ್ತಿಗೆ ಅತ್ಯಂತ ಮುಖ್ಯವಾದ ವಿಷಯ ಕಂಪನಿಯ ನಿಲುವು ಅಲ್ಲ, ಇಳಿಯುವ ಜಾಗ. ಕ್ಯಾಪ್ಸೂಲ್ ಸಮುದ್ರಕ್ಕೆ ಇಳಿಯಬೇಕಾದರೆ ಅಲ್ಲಿ ಹವಾಮಾನ ಸರಿಯಿರಬೇಕು, ಎತ್ತುವ ಹಡಗು ಕಾಯುತ್ತಿರಬೇಕು, ವಿಮಾನ ಮತ್ತು ಹಡಗುಗಳಿಗೆ ಮೊದಲೇ ಸೂಚನೆ ಹೋಗಿರಬೇಕು. ಡ್ರ್ಯಾಗನ್ ತರಹದ ನೌಕೆ ನಿಲ್ದಾಣಕ್ಕೆ ಸೇರದೆ ಒಂಟಿಯಾಗಿ ಸುಮಾರು 10 ದಿನ ಇರಬಲ್ಲದು. ಅಷ್ಟರೊಳಗೆ ಇಳಿಯಲೇಬೇಕು. ಸಂಪರ್ಕಕ್ಕೆ ಅಡ್ಡಿಯಾದರೆ, ಜಿಪಿಎಸ್ ಸಂಕೇತಕ್ಕೆ ಯಾರಾದರೂ ಗದ್ದಲ ತುಂಬಿದರೆ, ಲೆಕ್ಕಾಚಾರ ಬಿಗಿಯಾಗುತ್ತಾ ಹೋಗುತ್ತದೆ. 2022ರ ಫೆಬ್ರವರಿ 24ರಂದು ದಾಳಿ ಶುರುವಾಗುವ ಹೊತ್ತಿಗೇ ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲಕ್ಕೆ ಸೈಬರ್ ದಾಳಿ ಆಗಿತ್ತು. ಗುರಿ ಉಕ್ರೇನ್, ಆದರೆ ಜರ್ಮನಿಯ ಸಾವಿರಾರು ಗಾಳಿಯಂತ್ರಗಳ ದೂರ ನಿಯಂತ್ರಣವೂ ಕೈಕೊಟ್ಟಿತು.

ಇನ್ನೂ ಹೊರಡದ ಪ್ರವಾಸಗಳ ಕತೆ ಸುಲಭ. ನಿಲ್ಲುತ್ತವೆ. ಅಮೆರಿಕದಲ್ಲಿ ಉಡಾವಣೆಗೆ ಲೈಸೆನ್ಸ್ ಕೊಡುವ ಮೊದಲು ರಾಷ್ಟ್ರೀಯ ಭದ್ರತೆ, ವಿದೇಶಾಂಗ ನೀತಿ ಎರಡನ್ನೂ ನೋಡುತ್ತಾರೆ. ಬೇಡ ಎನಿಸಿದರೆ ತಡೆಯುವ ಅಧಿಕಾರ ಸರ್ಕಾರಕ್ಕಿದೆ. 2001ರ ಸೆಪ್ಟೆಂಬರ್ 11ರಂದು ಕೆಲವೇ ಗಂಟೆಗಳಲ್ಲಿ ಅಲ್ಲಿನ ಎಲ್ಲ ನಾಗರಿಕ ವಿಮಾನಗಳನ್ನು ಇಳಿಸಿದ್ದು ಗೊತ್ತೇ ಇದೆ. ರಾಕೆಟ್‌ಗಳ ವಿಷಯದಲ್ಲಿ ಇನ್ನೂ ಸಲೀಸು, ಏಕೆಂದರೆ ಅವುಗಳ ಸಂಖ್ಯೆ ಕಡಿಮೆ ಮತ್ತು ಅವೇ ರಾಕೆಟ್‌ಗಳು ಸೇನೆಗೂ ಬೇಕು. ಸೇನೆಯ ತುರ್ತು ಉಪಗ್ರಹ ಮೊದಲೋ, ನಾಲ್ವರ ಪ್ರವಾಸ ಮೊದಲೋ ಎಂಬ ಸಾಲಿನಲ್ಲಿ ಪ್ರವಾಸ ಯಾವತ್ತೂ ಹಿಂದೆಯೇ.

ಅದಕ್ಕೂ ಮೊದಲು ವಿಮೆ. ಬಾಹ್ಯಾಕಾಶ ವಿಮಾ ಪಾಲಿಸಿಗಳಲ್ಲಿ ಯುದ್ಧ, ಶತ್ರುಕೃತ್ಯ, ಉಪಗ್ರಹ ನಾಶಕ ಅಸ್ತ್ರ ಇವುಗಳಿಂದ ಆದ ನಷ್ಟವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಪ್ರಯಾಣಿಕ ಸಹಿ ಹಾಕುವ ಕಾಗದವೂ ಅಷ್ಟೇ ಖಡಕ್. ಈ ವಾಹನ ಸುರಕ್ಷಿತ ಎಂದು ಅಮೆರಿಕ ಸರ್ಕಾರ ಪ್ರಮಾಣೀಕರಿಸಿಲ್ಲ ಎಂದು ಲಿಖಿತವಾಗಿ ತಿಳಿಸಿ, ಒಪ್ಪಿಗೆ ಪಡೆದೇ ಹತ್ತಿಸುತ್ತಾರೆ. ಪ್ರಯಾಣಿಕರ ಸುರಕ್ಷತೆಗೆ ಹೊಸ ನಿಯಮ ತರದಂತೆ ಅಲ್ಲಿನ ಸಂಸತ್ತು ಹಾಕಿರುವ ತಡೆ 2028ರ ಜನವರಿ 1ರವರೆಗೆ ಇದೆ.

ಕಂಪನಿ ಏನು ಮಾಡಬಹುದು?

ಸೇನೆಯ ಕರಾರು ಇಲ್ಲದ ವಾಹನ ಇಟ್ಟುಕೊಳ್ಳಬಹುದು. ಸೇವೆಯಲ್ಲಿರುವ ಸೇನಾಧಿಕಾರಿಗಳನ್ನು, ಸೇನೆಯ ಉಪಕರಣಗಳನ್ನು ಹತ್ತಿಸದೇ ಇರಬಹುದು. ಯಾವಾಗ ಎಲ್ಲಿ ಇರುತ್ತೇವೆ ಎಂದು ಕಕ್ಷೆಯ ವಿವರವನ್ನು ಎಲ್ಲರಿಗೂ ಒಂದೇ ಹೊತ್ತಿಗೆ ಪ್ರಕಟಿಸಬಹುದು. ಎಲ್ಲ ದೇಶದವರಿಗೂ ಟಿಕೆಟ್ ಮಾರಬಹುದು, ಕಾನೂನು ಒಪ್ಪಿದರೆ. ಇದರಿಂದ ಪೂರ್ತಿ ರಕ್ಷಣೆ ಸಿಗದಿದ್ದರೂ 'ಅದು ಸೇನೆಯ ನೌಕೆ ಎಂದುಕೊಂಡೆವು' ಎಂಬ ನೆಪ ಎದುರಿನವರಿಗೆ ಉಳಿಯುವುದಿಲ್ಲ. ಅಷ್ಟೂ ಕಡಿಮೆ ಏನಲ್ಲ.

ಆದರೆ ಲೆಕ್ಕ ನೋಡಿ. ಸೇನೆ ಮತ್ತು ಸರ್ಕಾರದ ಕೆಲಸ ಬಿಟ್ಟರೆ ಈ ಉದ್ಯಮದಲ್ಲಿ ದುಡ್ಡು ಎಲ್ಲಿದೆ? ಪ್ರವಾಸಿಗರು ಬೆರಳೆಣಿಕೆಯಷ್ಟು. ರಾಕೆಟ್ ಕಟ್ಟುವ ಖರ್ಚನ್ನು ಹೊರುತ್ತಿರುವುದು ಸರ್ಕಾರದ ಕರಾರುಗಳು. ಹಾಗಾಗಿ ತಟಸ್ಥವಾಗಿರಲು ಮನಸ್ಸಿರುವ ಕಂಪನಿಗೆ ವಾಹನ ಕಟ್ಟುವ ಶಕ್ತಿ ಇರುವುದಿಲ್ಲ, ಆ ಶಕ್ತಿ ಇರುವ ಕಂಪನಿಗೆ ತಟಸ್ಥವಾಗಿರುವುದು ನಷ್ಟದ ಬಾಬತ್ತು.

ನಿಲ್ದಾಣ ಇಳಿದ ಮೇಲೆ

ಉಕ್ರೇನ್ ಯುದ್ಧ ಶುರುವಾಗಿ ಆರು ವಾರಕ್ಕೆ, 2022ರ ಏಪ್ರಿಲ್ 8ರಂದು, ಆಕ್ಸಿಯಮ್‌ನ ಮೊದಲ ತಂಡ ನಿಲ್ದಾಣಕ್ಕೆ ಹೊರಟಿತು. ಅಲ್ಲಿ ರಷ್ಯಾದವರೂ ಇದ್ದರು, ಅಮೆರಿಕದವರೂ ಇದ್ದರು. ಏನೂ ತೊಂದರೆ ಆಗಲಿಲ್ಲ. ಇದನ್ನು ನೋಡಿ ಬಾಹ್ಯಾಕಾಶದಲ್ಲಿ ತಟಸ್ಥತೆ ಸಾಧ್ಯ ಎನ್ನುವವರಿದ್ದಾರೆ. ಆದರೆ ಕಾರಣ ಬೇರೆ. ನಿಲ್ದಾಣವನ್ನು ಮೇಲಕ್ಕೆ ಎತ್ತಿ ಹಿಡಿಯುವ ಎಂಜಿನ್‌ಗಳು ಮುಖ್ಯವಾಗಿ ರಷ್ಯಾದ ಭಾಗದಲ್ಲಿವೆ, ವಿದ್ಯುತ್ತಿನ ಹೆಚ್ಚಿನ ಪಾಲು ಬರುವುದು ಅಮೆರಿಕದ ಭಾಗದಿಂದ. ಪಾಲಾದ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ ಬಾವಿ, ಇನ್ನೊಬ್ಬನಿಗೆ ಹಗ್ಗ ಬಂದ ಹಾಗೆ. ಮಾತು ಬಿಟ್ಟರೂ ನೀರಿಗೆ ಇಬ್ಬರೂ ಬೇಕು. ಅದೇ ವರ್ಷದ ಜುಲೈನಲ್ಲಿ ರಷ್ಯಾದ ಮೂವರು ಗಗನಯಾತ್ರಿಗಳು ಉಕ್ರೇನಿನ ಆಕ್ರಮಿತ ಪ್ರದೇಶದ ಧ್ವಜ ಹಿಡಿದ ಫೋಟೊ ನಿಲ್ದಾಣದಿಂದಲೇ ಬಂತು. ನಾಸಾ ಖಾರವಾಗಿ ಆಕ್ಷೇಪಿಸಿತು. ಅದೇ ತಿಂಗಳಲ್ಲಿ ಎರಡೂ ಸಂಸ್ಥೆಗಳು ಒಬ್ಬರ ನೌಕೆಯಲ್ಲಿ ಇನ್ನೊಬ್ಬರನ್ನು ಕರೆದೊಯ್ಯುವ ಒಪ್ಪಂದಕ್ಕೂ ಸಹಿ ಹಾಕಿದವು. ಪ್ರವಾಸಿಗರನ್ನು ಕಾಪಾಡಿದ್ದು ಈ ಅವಲಂಬನೆ.

ಆ ನಿಲ್ದಾಣವನ್ನು 2030ರವರೆಗೆ ನಡೆಸುವುದು ಅಮೆರಿಕದ ಈಗಿನ ಯೋಜನೆ, ಆಮೇಲೆ ಸಮುದ್ರಕ್ಕೆ ಬೀಳಿಸುತ್ತಾರೆ. ರಷ್ಯಾ ಒಪ್ಪಿಕೊಂಡಿರುವುದು 2028ರವರೆಗೆ. ಅದರ ಜಾಗಕ್ಕೆ ಆಕ್ಸಿಯಮ್, ವಾಸ್ಟ್ ತರಹದ ಕಂಪನಿಗಳ ಖಾಸಗಿ ನಿಲ್ದಾಣಗಳು ಬರಲು ತಯಾರಿ ನಡೆಸಿವೆ, ಎಲ್ಲವೂ ಅಮೆರಿಕದ ಅನುಮತಿಯ ಮೇಲೆ ನಿಂತಿರುವಂಥವು. ಇನ್ನೊಂದು ಕಡೆ ಚೀನಾದ ತಿಯಾನ್‌ಗಾಂಗ್ ನಿಲ್ದಾಣ ಇದೆ, ಮತ್ತು 2011ರಿಂದ ಅಮೆರಿಕದ ಕಾನೂನು ಚೀನಾದ ಜೊತೆ ನೇರ ಸಹಕಾರದಿಂದ ನಾಸಾವನ್ನು ಬಹುಮಟ್ಟಿಗೆ ತಡೆದಿದೆ. ಅಂದರೆ ಕೆಲವೇ ವರ್ಷಗಳಲ್ಲಿ ಪ್ರವಾಸಿ ಕೊಳ್ಳುವ ಪ್ರತಿ ಟಿಕೆಟ್ ಯಾವುದೋ ಒಂದು ದೇಶದ ಗುಂಪಿನ ನಿಲ್ದಾಣಕ್ಕೇ ಇರುತ್ತದೆ. ಅಲ್ಲಿ ಎದುರಾಳಿಯ ಕಡೆಯವರು ಒಬ್ಬರೂ ಇರುವುದಿಲ್ಲ. ಪಕ್ಕದಲ್ಲಿ ಕ್ಷಿಪಣಿ ಹಾರಿಸುವ ಮೊದಲು 'ನಮ್ಮವರೂ ಇಬ್ಬರು ಅಲ್ಲಿದ್ದಾರೆ' ಎಂದು ಯೋಚಿಸಬೇಕಾದ ಕಾರಣ ಯಾವ ಸೇನೆಗೂ ಉಳಿಯುವುದಿಲ್ಲ.